ಬೋಟಿನ ಕಾಲಿಗೆ ಅಕ್ಷತೆ

ಕುವೈತಿನಲ್ಲಿ ಚಳಿಗಾಲ ಬಂತೆಂದರೆ ಜನ ಸಮುದ್ರಕ್ಕೆ ಬೆನ್ನು ಹಾಕುತ್ತಾರೆ. ಮನೆಮಂದಿಯೆಲ್ಲ ಮರುಭೂಮಿಗೆ ಹೋಗಿ ಡೇರೆ ಹೊಡೆದು ಕೂರುತ್ತಾರೆ. ಬೇಸಿಗೆಯಿಡೀ ಮುದ್ದು ಮಾಡಿದ ಬೋಟುಗಳು ಟ್ರೇಲರ್ ಹತ್ತಿ ಅಂಗಳಕ್ಕೆ ಬಂದು ಟಾರ್ಪಾಲು ಹೊದ್ದು ಮಲಗುತ್ತವೆ. ಹಾಗೆ ಮಲಗಿಸುವ ಮೊದಲು ಅವಕ್ಕೆ ಮಾಡಬೇಕಾದ ಸೇವೆ ಇದೆಯಲ್ಲ, ಅದರಿಂದ ನಮ್ಮ ಹೊಟ್ಟೆ ತುಂಬುತ್ತಿತ್ತು. ನಮ್ಮ ಎಂದರೆ ಯೂಸುಫ್ ಎಂಬ ಕುವೈತಿಯ ಬೋಟ್ ಗ್ಯಾರೇಜಿನವರ. ಮೆಕ್ಯಾನಿಕ್ ಬಾಳಪ್ಪ, ಅವನ ಜೊತೆಗಾರ ಇಬ್ರಾಹಿಂ ಖಲೀಲ್, ಬಿಡಿಭಾಗಗಳ ಸ್ಟೋರಿನಲ್ಲಿ ಕೂತು ಎಲ್ಲರ ಮೇಲೂ ರೇಗುತ್ತಿದ್ದ ನಾನು, ಕಜೆಟನ್. ನನ್ನದು ಮಂಗಳೂರು. ರೇಗುವುದು ನನ್ನ ಹುಟ್ಟುಗುಣ, ಅದಕ್ಕೆ ಕುವೈತನ್ನು ದೂರಬೇಕಾಗಿಲ್ಲ.

ಬಾಳಪ್ಪ ಮಹಾಲಿಂಗಪುರದ ಕಡೆಯವನು. ಸಮುದ್ರ ಹೋಗಲಿ, ಸರಿಯಾದ ಕೆರೆಯನ್ನೂ ನೋಡಿ ಬೆಳೆದವನಲ್ಲ. ಊರಿನಲ್ಲಿ ಬೋರ್‌ವೆಲ್ಲಿನ ಪಂಪು ರಿಪೇರಿ ಮಾಡುತ್ತಿದ್ದನಂತೆ. ತೊಂಬತ್ತನಾಲ್ಕರಲ್ಲಿ ಪಂಪ್ ಮೆಕ್ಯಾನಿಕ್ ಎಂದು ಏಜೆಂಟ್ ಕರೆತಂದ, ಇಲ್ಲಿ ಬಂದು ನೋಡಿದರೆ ಬೋಟು. ಬೇರೆ ಯಾರಾದರೂ ಆಗಿದ್ದರೆ ಅತ್ತು ರಂಪ ಮಾಡುತ್ತಿದ್ದರು. ಬಾಳಪ್ಪ ಬೋಟಿನ ಸುತ್ತ ಒಂದು ಸುತ್ತು ಹಾಕಿ, ಹಿಂದೆ ಜೋತಿದ್ದ ಡ್ರೈವನ್ನು ತಟ್ಟಿ ನೋಡಿದನಂತೆ.

"ನೀರಾಗಿನ ಮೋಟರ್ ನನಗ ಹೊಸದೇನಲ್ರಿ ಸಾಹೇಬ್ರ," ಎಂದು ನನಗೆ ಎಷ್ಟೋ ಸಲ ಹೇಳಿದ್ದಾನೆ. "ನೀರು ಒಳಗ ಹೋಗಬಾರದು, ಎಣ್ಣಿ ಹೊರಗ ಬರಬಾರದು. ಇಷ್ಟ ನೋಡ್ರಿ ಇದರಾಗ ಇರೂದು."

ಆ ಡ್ರೈವಿಗೆ ನಮ್ಮ ಗ್ಯಾರೇಜಿನಲ್ಲಿ ಕಾಲು ಎಂದು ಹೆಸರು. ಎಂಜಿನ್ನು ಬೋಟಿನ ಒಳಗೆ, ಕಾಲು ಹೊರಗೆ. ಎಂಜಿನ್ನಿನ ಜೋರನ್ನು ನೀರಿನೊಳಗೆ ಇಳಿಸಿ ಪ್ರೊಪೆಲರ್ ತಿರುಗಿಸುವುದು ಈ ಕಾಲೇ. ಅದರ ಹೊಟ್ಟೆಯೊಳಗೆ ಗೇರುಗಳು, ಗೇರು ಮುಳುಗುವಷ್ಟು ಎಣ್ಣೆ. ಚಳಿಗಾಲಕ್ಕೆ ಮೊದಲು ಉಪ್ಪು ಹೋಗುವಂತೆ ಸಿಹಿನೀರು ಹಾಯಿಸಬೇಕು. ಪ್ರೊಪೆಲರ್ ಬಿಚ್ಚಿ, ಹಿಂದೆ ಗಾಳದ ದಾರ ಸುತ್ತಿಕೊಂಡಿದ್ದರೆ ಕೊಯ್ದು ತೆಗೆಯಬೇಕು. ತಳದ ಸ್ಕ್ರೂ ತೆಗೆದು ಹಳೆ ಎಣ್ಣೆ ಇಳಿಸಬೇಕು. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದು ಅರ್ಥ. ಹೊಸ ಎಣ್ಣೆಯನ್ನು ಮೇಲಿಂದ ಸುರಿಯುವ ಹಾಗಿಲ್ಲ, ಗಾಳಿ ಸಿಕ್ಕಿಕೊಳ್ಳುತ್ತದೆ. ತಳದ ತೂತಿನಿಂದಲೇ ಪಂಪು ಹೊಡೆದು, ಮೇಲಿನ ತೂತಿನಲ್ಲಿ ಎಣ್ಣೆ ಇಣುಕುವವರೆಗೆ ಏರಿಸಬೇಕು. ಆಮೇಲೆ ಮೇಲಿನದನ್ನು ಮುಚ್ಚಿ, ತಳದ್ದನ್ನು ಮುಚ್ಚಿ, ಕಾಲನ್ನು ಪೂರ್ತಿ ಕೆಳಗಿಳಿಸಿ ಬಿಡಬೇಕು. ಎರಡೂ ಸ್ಕ್ರೂಗಳಿಗೆ ಬೆರಳ ಉಗುರಿನಷ್ಟು ಅಗಲದ ವಾಶರ್ ಇರುತ್ತದೆ. ಅದನ್ನು ಪ್ರತಿ ಸಲ ಹೊಸದೇ ಹಾಕಬೇಕು. ಹಳೆಯದೇ ನಡೆಯುತ್ತದೆ ಎಂದವನಿಗೆ ಬಾಳಪ್ಪನ ಬಾಯಲ್ಲಿ ಮಂಗಳಾರತಿ.

ಇಷ್ಟೆಲ್ಲ ಮಾಡುವ ಮನುಷ್ಯ ಬೋಟು ನೀರಿಗೆ ಇಳಿದ ಮೇಲೆ ಅದನ್ನು ಹತ್ತುತ್ತಿರಲಿಲ್ಲ. ಒಂದೇ ಸಲ ಹತ್ತಿ, ಕರುಳು ಕಿತ್ತು ಬರುವಂತೆ ವಾಂತಿ ಮಾಡಿ, ಇನ್ನು ಸಾಕು ಎಂದು ಕೈಮುಗಿದಿದ್ದ. ನೀರಿಗಿಳಿಸಿ ಓಡಿಸಿ ನೋಡುವುದು ಖಲೀಲನ ಕೆಲಸ. ಅವನು ಉಳ್ಳಾಲದವನು, ಮೂವತ್ತರ ಗಟ್ಟಿ ಆಳು. ಇಳಿಸುವ ಮೊದಲು ಸ್ಕ್ರೂಗಳನ್ನು ಒಮ್ಮೆ ಬಿಗಿ ನೋಡುವುದೂ ಅವನದೇ ಜವಾಬ್ದಾರಿ. ಇದನ್ನು ನೆನಪಿಡಿ, ಮುಂದೆ ಇದೇ ಅವನ ಕುತ್ತಿಗೆಗೆ ಬಂತು.

ಬಾಳಪ್ಪನ ಹೆಂಡತಿ ಅನ್ನಪೂರ್ಣೆವ್ವ ಊರಿನಲ್ಲಿ. ಎರಡು ವರ್ಷಕ್ಕೊಮ್ಮೆ ರಜೆ, ಅದೂ ಕಣ್ಣು ಮಿಟುಕಿಸುವುದರೊಳಗೆ ಖಲಾಸ್. ಶುಕ್ರವಾರ ಅವನು ಸ್ಟೋರಿನ ಮೂಲೆಯಲ್ಲಿ ನಿಂತು ಫೋನು ಮಾಡುವಾಗ ಆಕೆಯ ದನಿ ನನಗೂ ಕೇಳುತ್ತಿತ್ತು. ಫೋನಿನ ಅಗತ್ಯವೇ ಇಲ್ಲದಷ್ಟು ದೊಡ್ಡ ದನಿ.

"ಬೋಟ್ ಬೋಟ್ ಅಂತ ಹದಿನಾಲ್ಕ್ ವರ್ಷದಿಂದ ಹೇಳಾಕತ್ತೀರಿ. ನಾ ಒಂದರೆ ನೋಡೇನೇನು? ಮಂದಿ ಕೇಳಿದ್ರ ಏನ್ ಹೇಳಬೇಕು ನಾನು?"

"ಕರ್ಕೊಂಡ್ ಬರ್ತೀನಿ ಬಾ, ತೋರಸ್ತೀನಿ."

"ಸಮುದ್ರನೂ?"

"ಸಮುದ್ರನೂ ತೋರಸ್ತೀನಿ."

ಬಾಳಪ್ಪನಂಥ ಕೆಲಸಗಾರನಿಗೆ ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭವಿರಲಿಲ್ಲ. ಕಫೀಲನೇ, ಎಂದರೆ ನಮ್ಮನ್ನು ಕರೆಸಿಕೊಂಡ ಮಾಲೀಕನೇ, ಮನಸ್ಸು ಮಾಡಿ ಕಚೇರಿಗೆ ಹೋಗಿ ಒಂದು ಮಾತು ಹೇಳಿದರೆ ಮಾತ್ರ ವಿಸಿಟ್ ವಿಸಾ ಸಿಗುತ್ತಿತ್ತು. ೨೦೦೮ರ ದಸರೆಯ ಹೊತ್ತಿಗೆ ಯೂಸುಫ್ ಆ ಮಾತು ಕೊಟ್ಟ. ಚಳಿಗಾಲದ ಕೆಲಸ ಚೆನ್ನಾಗಿ ಮುಗಿಸು, ಏಪ್ರಿಲಿನಲ್ಲಿ ನಿನ್ನ ಹೆಂಡತಿ ಬರಲಿ ಎಂದ. ಬಾಳಪ್ಪ ಆ ದಿನ ಗ್ಯಾರೇಜಿಡೀ ಹಲ್ಲು ಬಿಟ್ಟುಕೊಂಡು ಓಡಾಡಿದ. ಅನ್ನಪೂರ್ಣೆವ್ವ ಮರುವಾರವೇ ಚಕ್ರದ ಬ್ಯಾಗು ಕೊಂಡು, ಓಣಿಗೆಲ್ಲ ತೋರಿಸಿ ಬಂದಳಂತೆ.

ಆ ಖುಷಿಯಲ್ಲಿ ಅವನು ಖಂಡೆಪೂಜೆಯನ್ನು ಎಂದಿಗಿಂತ ಜೋರಾಗಿ ಮಾಡಿದ. ಮಹಾನವಮಿಗೆ ಅವರ ಕಡೆ ಕೆಲಸದ ಸಾಮಾನುಗಳಿಗೆ ಪೂಜೆ. ಪೂಜೆಗಿಟ್ಟ ಸಾಮಾನನ್ನು ಆ ದಿನ ಮುಟ್ಟುವಂತಿಲ್ಲ. ಜಾಗ ಪ್ರತಿ ವರ್ಷ ನನ್ನ ಸ್ಟೋರೇ, ಫಿಲ್ಟರುಗಳ ಕಪಾಟಿನ ಹಿಂದೆ. ಕಿಟಕಿಯ ಬದಿಯಲ್ಲಿ ಖಲೀಲನ ನಮಾಜಿನ ಚಾಪೆ, ನನ್ನ ಮೇಜಿನ ಮೇಲೆ ರೆಜಿನಾ ಕೊಟ್ಟ, ಯೇಸುವಿನ ತಾಯಿ ಮರಿಯಮ್ಮನ ಪಟ. ರೆಜಿನಾ ನನ್ನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸು. ಸ್ಟೋರು ನನ್ನದು ಎನ್ನುವುದು ಹೆಸರಿಗೆ ಮಾತ್ರ.

ಸ್ಪಾನರುಗಳನ್ನು ತೊಳೆದು ಸಾಲಾಗಿ ಇಟ್ಟ. ಅರಿಶಿನ, ಕುಂಕುಮ, ಹೂವು. ಮೊದಲ ಕಾಲು ಕಫೀಲನ ಸ್ವಂತ ಬೋಟಿನದೇ ಆಗಬೇಕು ಎಂದು ಅದಕ್ಕೆ ಹಾಕಬೇಕಾದ ಸ್ಕ್ರೂ, ವಾಶರುಗಳನ್ನೂ ನನ್ನಿಂದ ಇಸಿದುಕೊಂಡು, ಗ್ರೀಸು ಸವರಿ, ತಟ್ಟೆಯಲ್ಲಿ ಇಟ್ಟ.

"ಇವಕ್ಕೆಲ್ಲ ಎಂತಕ್ಕೆ ಮಾರಾಯ್ರೆ ಪೂಜೆ? ಡಬ್ಬದಿಂದ ಈಗ ತೆಗ್ದದ್ದು," ಎಂದೆ.

"ಬೂ ಸಾಲೆಮ್‌ನ ಬೋಟ್ರಿ ಅದು. ಚೊಲೊ ಆಗ್ಲಿ," ಎಂದ. ಸಾಲೆಮ್ ಯೂಸುಫನ ಹಿರಿಮಗ. ಇಲ್ಲಿಯವರ ಪದ್ಧತಿಯಂತೆ ನಾವೂ ಯೂಸುಫನನ್ನು ಸಾಲೆಮ್‌ನ ಅಪ್ಪ ಎಂದೇ ಕರೆಯುತ್ತಿದ್ದೆವು. ಹಾಗೆ ಹೇಳಿ ಬಾಳಪ್ಪ ಕೈತುಂಬ ಅಕ್ಷತೆ ತೆಗೆದು ಎಲ್ಲದರ ಮೇಲೂ ಧಾರಾಳವಾಗಿ ಹಾಕಿದ. ನನಗೂ ಖಲೀಲನಿಗೂ ಬಾಳೆಹಣ್ಣು ಸಕ್ಕರೆ ಸಿಕ್ಕಿತು. ಮರುದಿನ ಸ್ಕ್ರೂಗಳನ್ನು ತಟ್ಟೆಯಿಂದ ಎತ್ತಿ, ಕೊಡವಿ, ಯೂಸುಫನ ಬೋಟಿನ ಕಾಲಿಗೆ ಹಾಕಿ ಬಿಗಿದ. ಟಾರ್ಪಾಲು ಹೊದಿಸಿದೆವು. ಯೂಸುಫ್ ಡೇರೆಗೆ ಹೋದ.

ಮಾರ್ಚಿನಲ್ಲಿ ಬೋಟು ನೀರಿಗಿಳಿಯಿತು. ಖಲೀಲ್ ಸ್ಕ್ರೂ ಬಿಗಿ ನೋಡಿ, ಓಡಿಸಿ ನೋಡಿ, ಸೈ ಎಂದ. ಯೂಸುಫ್ ಕೆಲವು ಸಲ ಮೀನಿಗೆ ಹೋಗಿ ಬಂದ, ತಕರಾರಿರಲಿಲ್ಲ. ಆಮೇಲೆ ಒಂದು ದಿನ ಮುದಿ ತಾಯಿಯನ್ನು, ಮಕ್ಕಳನ್ನು ಕೂರಿಸಿಕೊಂಡು ಫೈಲಕಾ ದ್ವೀಪದ ಕಡೆಗೆ ಹೊರಟ. ನಡುನೀರಿನಲ್ಲಿ ಕಾಲು ಕಿರುಚಿಕೊಂಡು ನಿಂತುಬಿಟ್ಟಿತು. ಗಾಳಿ ಬೇರೆ ಎದ್ದಿತು. ಕರಾವಳಿ ಕಾವಲಿನವರು ಬಂದು ಎಳೆದು ತರುವಷ್ಟರಲ್ಲಿ ಮುದುಕಿ ಬಿಸಿಲಿಗೆ, ಅಲೆಗೆ ಹೈರಾಣಾಗಿದ್ದಳು. ಮನೆಗೆ ತಂದು ಮಲಗಿಸಿ ಡಾಕ್ಟರನ್ನು ಕರೆಸಬೇಕಾಯಿತು.

ಯೂಸುಫ್ ಗ್ಯಾರೇಜಿಗೆ ಬಂದಾಗ ಮುಖ ಕೆಂಡವಾಗಿತ್ತು. ಯಾರು ಇಳಿಸಿದ್ದು ಎಂದ. ಖಲೀಲ್ ಎಂದಾಗ ಮುಂದೆ ಒಂದು ಮಾತನ್ನೂ ಕೇಳಲಿಲ್ಲ. "ಖಲೀಲ್ ಖಲಾಸ್. ಇಕಾಮಾ ಕ್ಯಾನ್ಸಲ್. ಊರಿಗೆ ಹೋಗಲಿ," ಎಂದು ಹೋದ. ಇಕಾಮಾ ಎಂದರೆ ಈ ದೇಶದಲ್ಲಿ ಇರುವುದಕ್ಕೆ ಪರವಾನಗಿ, ಅದು ಹೋದರೆ ಮನುಷ್ಯನೂ ಹೋದ.

ಸಂಜೆ ಬಾಳಪ್ಪ ಕಾಲು ಬಿಚ್ಚಲು ಕೂತ, ನಾನು ಟ್ರೇ ಹಿಡಿದೆ. ತಳದ ಸ್ಕ್ರೂ ತೆಗೆದದ್ದೇ ಎಣ್ಣೆ ಬಂತು, ಹಾಲು ಬೆರೆಸಿದ ಚಹಾದಂತೆ. ಗೇರಿನ ಹಲ್ಲಿನ ಪುಡಿ ಅದರಲ್ಲಿ ಮಿನುಗುತ್ತಿತ್ತು. ಬಾಳಪ್ಪ ಸ್ಕ್ರೂವನ್ನು ಬಟ್ಟೆಯಲ್ಲಿ ಒರೆಸಲು ಹೋದವನು ನಿಲ್ಲಿಸಿದ. ವಾಶರನ್ನು ಬೆಳಕಿಗೆ ಹಿಡಿದ. ಅದರ ಒಂದು ಅಂಚಿನಲ್ಲಿ, ಗ್ರೀಸಿನ ನಡುವೆ, ಏನೋ ಅಪ್ಪಚ್ಚಿಯಾಗಿ ಅಂಟಿತ್ತು. ಉಗುರಿನಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡ. ಮೆತ್ತಗಾದ ಅರ್ಧ ಅಕ್ಕಿಕಾಳು. ಬದಿಯಲ್ಲಿ ಇನ್ನೂ ಹಳದಿ.

ಕುವೈತಿನ ಯಾವ ಬೋಟಿನ ಕಾಲಿನಲ್ಲೂ ಅರಿಶಿನ ಹಚ್ಚಿದ ಅಕ್ಕಿ ಸಿಗಲಾರದು, ನಮ್ಮಲ್ಲಿ ಬಿಟ್ಟು. ಗ್ರೀಸಿಗೆ ಅಂಟಿಕೊಂಡ ಆ ಕಾಳು ವಾಶರಿನ ಅಡಿಯಲ್ಲೇ ಉಳಿದಿದೆ. ಒಣಗಿದ್ದಷ್ಟು ದಿನ ಗಟ್ಟಿಯಾಗಿ ಕೂತು ಎಣ್ಣೆಯನ್ನು ತಡೆದಿದೆ. ಸಮುದ್ರದ ನೀರಿನಲ್ಲಿ ನೆನೆದು ಮೆತ್ತಗಾಗಿ ದಾರಿ ಬಿಟ್ಟಿದೆ. ಹೊರಗಿನಿಂದ ಎಷ್ಟು ಬಿಗಿ ನೋಡಿದರೂ ಖಲೀಲನಿಗೆ ಗೊತ್ತಾಗುವಂತೆಯೇ ಇರಲಿಲ್ಲ.

"ಇದೇನ್ ಕಾಣತೈತ್ರಿ ನಿಮಗ, ಸಾಹೇಬ್ರ?" ಬಾಳಪ್ಪ ಅಂಗೈಯನ್ನು ನನ್ನ ಮುಂದೆ ಹಿಡಿದ.

"ಗ್ರೀಸು. ಮತ್ತೆಂತದ್ದೂ ಇಲ್ಲ. ಒರೆಸಿ ಬಿಸಾಡಿ," ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ನಾಚಿಕೆ ಏನಿಲ್ಲ. ಇಪ್ಪತ್ತು ದಿನದಲ್ಲಿ ಅವನ ಹೆಂಡತಿ ಬರುವವಳಿದ್ದಳು.

"ಚೊಲೊ ಆಗ್ಲಿ ಅಂತ ಹಾಕಿದ್ದೆ ನೋಡ್ರಿ ನಾ," ಎಂದ. ಮತ್ತೆ, "ಆಕಿ ಬ್ಯಾಗ್ ತುಂಬಿ ಇಟ್ಟಾಳ್ರಿ," ಎಂದ. ವಾಶರನ್ನು ಕಾಳಿನ ಸಮೇತ ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಆ ರಾತ್ರಿ ಅವನು ಉಣ್ಣಲಿಲ್ಲ ಎಂದು ರೂಮಿನವರು ಹೇಳಿದರು. ಮರುದಿನವೂ ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದ. ನಾನೂ ಕೆದಕಲಿಲ್ಲ. ಎರಡರಲ್ಲಿ ಒಂದು ಆಗಲೇಬೇಕಿತ್ತು. ಅವನು ಸುಮ್ಮನಿದ್ದರೆ ಖಲೀಲ್ ಹೋಗುತ್ತಾನೆ. ಹೇಳಿದರೆ ಅನ್ನಪೂರ್ಣೆವ್ವ ಬರುವುದಿಲ್ಲ.

ಮೂರನೆಯ ದಿನ ಖಲೀಲ್ ತನ್ನ ಸಾಮಾನು ಒಯ್ಯಲು ಬಂದ. ಕಿಟಕಿ ಬದಿಯ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಜಗಳ ಮಾಡಲಿಲ್ಲ, ಅಳಲಿಲ್ಲ. ಬಾಳಪ್ಪನ ಹತ್ತಿರ ಹೋಗಿ ನಿಂತ.

"ಬಾಳಪ್ಪಣ್ಣ, ಒಂದು ಕೇಳ್ತೇನೆ. ನಾನು ಆ ಸ್ಕ್ರೂ ಬಿಗಿ ನೋಡಿದ್ದು ನೀವು ಕಂಡಿದ್ರಲ್ಲ? ನೋಡಿದ್ದೆ ಅಂತಲೇ ನನ್ನ ನೆನಪು. ಈಗ ಎಲ್ರೂ ಹೇಳ್ತಾರಲ್ಲ, ನನಗೇ ಡೌಟ್ ಬರ್ತಾ ಉಂಟು. ಆ ದಿನ ಮರ್ತೆನೋ ಏನೋ. ಅಜ್ಜಿಗೆ ಏನಾದ್ರೂ ಆಗಿದ್ರೆ ನಾನು ಎಂತ ಮಾಡ್ತಿದ್ದೆ?"

ಬಾಳಪ್ಪ ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಟ್ಟ. ಮಾಡದ ತಪ್ಪನ್ನು ಆ ಹುಡುಗ ತಾನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ.

"ಮರ್ತಿಲ್ಲಪಾ ನೀ," ಎಂದ. "ನೀ ಏನೂ ಮರ್ತಿಲ್ಲ. ಆ ಚಾಪಿ ಅಲ್ಲೇ ಹಾಸು." ಕೈಯನ್ನೂ ತೊಳೆಯದೆ ನನ್ನ ಕಡೆ ತಿರುಗಿದ. "ಸಾಹೇಬ್ರ, ಕಾರ್ ತಗೀರಿ. ಬೂ ಸಾಲೆಮ್‌ನ ಮನಿಗೆ ಹೋಗೂಣು."

ಯೂಸುಫನ ಮನೆ ಸಲ್ವಾದಲ್ಲಿ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಕೇಳಬೇಡಿ. ಗಂಡಸರು ಕೂರುವ ಕೋಣೆಯಲ್ಲಿ ಯೂಸುಫ್ ಒಬ್ಬನೇ ಇದ್ದ. ಬಾಳಪ್ಪ ಕಾಗದ ಬಿಚ್ಚಿ ಅವನ ಮುಂದೆ ಹಿಡಿದ. ನಾನು ನನ್ನ ಅರಬ್ಬಿಯಲ್ಲಿ ವಿವರಿಸಿದೆ. ಇದು ಅಕ್ಕಿ. ನಮ್ಮಲ್ಲಿ ಒಳ್ಳೆಯದಾಗಲಿ ಎಂದು ಹಾಕುವ ಅಕ್ಕಿ. ಇವನ ಕೈಯಿಂದ ಬಿದ್ದದ್ದು. ಖಲೀಲನ ತಪ್ಪಿಲ್ಲ.

ಯೂಸುಫ್ ಆ ವಾಶರನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ನನ್ನ ತಾಯಿ ಆ ಬೋಟಿನಲ್ಲಿದ್ದಳು," ಎಂದ. "ಖಲೀಲ್ ಇರಲಿ. ನೀನೂ ಇರು, ಕೆಲಸ ಮಾಡು. ಆದರೆ ನಿನ್ನ ಹೆಂಡತಿಯ ವಿಸಾ ಮಾತು ಇನ್ನು ನನ್ನ ಹತ್ತಿರ ತರಬೇಡ. ಖಲಾಸ್."

ಬಾಳಪ್ಪ ತಲೆಯಾಡಿಸಿದ. ಹೊರಗೆ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಲು ತೊಡಗಿದವನಿಗೆ ಆ ದಾರ ಕಟ್ಟಿ ಮುಗಿಯಲೇ ಇಲ್ಲ. ಅಲ್ಲೇ ಊರಿಗೆ ಫೋನು ಮಾಡಿದ. ಆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಆ ಕಡೆಯಿಂದ ಮೊದಲ ಸಲ ನನಗೆ ದನಿ ಕೇಳಿಸಲಿಲ್ಲ. ಫೋನು ಕಟ್ಟಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಬಂತು.

"ಒಂದ್ ಅಕ್ಕಿಕಾಳಿಗೇನ್ರಿ?"

"ಹ್ಞೂಂ."

"ಬರೇ ಕೊಡವಿದ್ರ ಸಾಕಾಗೂದಿಲ್ಲ ಅನ್ನೂದು ತಿಳೀಲಿಲ್ಲೇನ್ರಿ ನಿಮಗ? ಅಕ್ಕಿ ಆರಿಸೂದು ಹೆಂಗಸರ ಕೆಲಸ ಅಂತ ಬಿಟ್ರೇನು?" ಬೈದಳು, ಚೆನ್ನಾಗಿಯೇ ಬೈದಳು. ಆಮೇಲೆ ದನಿ ತಗ್ಗಿತು. "ಆ ಖಲೀಲ ಉಳಕೊಂಡನಿಲ್ಲೋ?"

"ಉಳಕೊಂಡ."

"ಹಂಗಾರ ಬ್ಯಾಗ್ ಅಟ್ಟದ ಮ್ಯಾಲ ಇಡ್ತೀನಿ. ಅದೇನ್ ಕೆಡೂದಲ್ಲ ಬಿಡ್ರಿ."

ಬಾಳಪ್ಪ ಫೋನು ಜೇಬಿಗಿಟ್ಟು ಗೋಡೆಯ ಕಡೆ ಮುಖ ಮಾಡಿದ. ನಾನು ಕಾರಿನ ಗಾಜು ಒರೆಸುತ್ತ ನಿಂತೆ. ಅದು ಆಗಲೇ ಸ್ವಚ್ಛವಾಗಿತ್ತು.

ಬೇಸಿಗೆ ಎಂದಿನಂತೆ ಸುಟ್ಟಿತು. ಬಾಳಪ್ಪ ಆ ಕಾಲಿಗೆ ಹೊಸ ಗೇರು ಕೂರಿಸಿದ. ವಿಸಾದ ಮಾತು ಅವನೂ ಎತ್ತಲಿಲ್ಲ, ಯೂಸುಫನೂ ಎತ್ತಲಿಲ್ಲ. ಎತ್ತಿದ್ದು ಖಲೀಲ್. ಯೂಸುಫನ ಮನೆಗೆ ಸಾಮಾನು ತಂದುಕೊಡುವುದೂ ಅವನ ಕೆಲಸವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದ ಆ ಮುದುಕಿಗೆ, ಅವನು ಹೋದಾಗಲೆಲ್ಲ ಬಾಳಪ್ಪನ ಕಥೆ ಹೇಳಿದನಂತೆ. ಖಲೀಲ್ ಹೇಳಿದ್ದರಲ್ಲಿ ಅರ್ಧ ಕಳೆದು ಕೇಳಬೇಕು. ಆದರೂ ಮುದುಕಿ ಮಗನಿಗೆ ಹೇಳಿದ್ದೆಂದು ಅವನು ಹೇಳಿದ್ದು ಇದು. "ನನ್ನಪ್ಪನ ಹಡಗು ಇವರ ಮಂಗಳೂರಿನಿಂದ ಅಕ್ಕಿ ಹೇರಿಕೊಂಡು ಬರುತ್ತಿತ್ತು. ಅಷ್ಟು ಮೂಟೆಗೆ ಮುಳುಗದ ನಾವು ಒಂದು ಕಾಳಿಗೆ ಮುಳುಗುತ್ತೇವೆಯೇ? ಆ ಮನುಷ್ಯ ತಾನಾಗಿ ಬಂದು ಹೇಳಿದನಲ್ಲ. ಅವನ ಹೆಂಡತಿಯನ್ನು ಕರೆಸಿಕೊಡು."

ರಂಜಾನ್ ಹಬ್ಬ ಮುಗಿದ ಮರುದಿನ ಯೂಸುಫ್ ಸ್ಟೋರಿಗೆ ಬಂದು ಒಂದು ಲಕೋಟೆಯನ್ನು ಬಾಳಪ್ಪನ ಟೂಲ್ ಪೆಟ್ಟಿಗೆಯ ಮೇಲಿಟ್ಟು ಹೋದ. ವಿಸಾ. ಬಾಳಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟ. "ಓದ್ರಿ, ಆಕಿ ಹೆಸರ ಐತೇನು?" ಇತ್ತು.

ಹಾಗೆ ಅನ್ನಪೂರ್ಣೆವ್ವ ಅಟ್ಟದ ಬ್ಯಾಗು ಇಳಿಸಿಕೊಂಡು ಬಂದಳು. ಬಂದದ್ದು ಸರಿಯಾಗಿ ಮಹಾನವಮಿಯ ಹಿಂದಿನ ದಿನ. ಮರುದಿನ ಪೂಜೆಗೆ ಸ್ಟೋರಿಗೆ ಕಾಲಿಟ್ಟವಳು ಮೊದಲು ನೋಡಿದ್ದು ಬಾಗಿಲ ಹೊರಗೆ ಟ್ರೇಲರಿನ ಮೇಲಿದ್ದ ಯೂಸುಫನ ಬೋಟನ್ನು. "ಇದನ ಏನ್ರಿ?" ಎಂದು ಕಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇಷ್ಟ ಸಣ್ಣದರ ಸಲುವಾಗಿ ಇಷ್ಟೆಲ್ಲ ಆತು ನೋಡ್ರಿ."

ಯೂಸುಫ್ ಆ ಹೊತ್ತಿಗೇ ಬಂದ. ಬೇಕೆಂದೇ ಬಂದನೋ, ಸುಮ್ಮನೆ ಬಂದನೋ ನಾನು ಕೇಳಲಿಲ್ಲ. ಬಾಗಿಲಲ್ಲೇ ನಿಂತು, ತಟ್ಟೆಯನ್ನು ನೋಡಿ, ಬೆರಳು ಅಲ್ಲಾಡಿಸಿದ. "ಬಾಳಪ್ಪ! ಚಾವಲ್ ನಹೀ!" ಅಕ್ಕಿ ಬೇಡ ಎಂದು ಅವನಿಗೆ ಗೊತ್ತಿದ್ದ ಹಿಂದಿಯಲ್ಲಿ ಹೇಳಿದ.

ಬಾಳಪ್ಪ ಸ್ಪಾನರುಗಳಿಗೆ ಕುಂಕುಮ ಹಚ್ಚಿದ. ಸ್ಕ್ರೂ, ವಾಶರುಗಳನ್ನು ಮುಚ್ಚಿದ ಡಬ್ಬದಲ್ಲಿ ದೂರ ಇಟ್ಟಿದ್ದ. ಅನ್ನಪೂರ್ಣೆವ್ವ ಅಷ್ಟರಲ್ಲಿ ಊರಿನಿಂದ ತಂದ ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು ಕೈ ಎತ್ತಿಯೇಬಿಟ್ಟಿದ್ದಳು. ಬಾಳಪ್ಪ ಗಾಬರಿಯಾಗಿ ಅವಳ ಮುಂಗೈ ಹಿಡಿದ.

"ಏ, ಬ್ಯಾಡ! ಅಕ್ಕಿ ಬ್ಯಾಡ ಅಂದಾರ."

"ಅಯ್ಯ! ಹಂಗಾರ ಇದನ್ನೇನ್ ಮಾಡ್ಲಿ ನಾ? ಕೈಯಾಗ ಹಿಡದದ್ದು ಹಂಗ ಚೆಲ್ಲಾಕ ಬರೂದಿಲ್ರಿ."

ಸುತ್ತ ನೋಡಿದಳು. ಕಪಾಟು, ಚಾಪೆ, ಮರಿಯಮ್ಮನ ಪಟ, ನಾವು. ಆಮೇಲೆ ಗಂಡನ ಎದುರಿಗೆ ಬಂದು ನಿಂತು, ಹಿಡಿದ ಅಷ್ಟೂ ಅಕ್ಷತೆಯನ್ನು ಅವನ ತಲೆಯ ಮೇಲೆ ಹಾಕಿದಳು.

ಕಾಳುಗಳು ಅವನ ಅರ್ಧ ನರೆತ ಕೂದಲಿನಲ್ಲಿ, ಹೆಗಲ ಮೇಲೆ, ಅಂಗಿಯ ಜೇಬಿನಲ್ಲಿ ಬಿದ್ದವು. ಬಾಳಪ್ಪ ಅಲುಗದೆ ನಿಂತ. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ. ಯೂಸುಫ್ ಕೆಮ್ಮಿ ಹೊರಗಿನ ಬೋಟಿನ ಕಡೆ ತಿರುಗಿದ.

"ಬಾಳಪ್ಪಣ್ಣ," ಎಂದ ಖಲೀಲ್, "ಇವತ್ತು ಮಾತ್ರ ನೀವು ಆ ಬೋಟಿನ ಹತ್ತಿರ ಬರ್ಬೇಡಿ ಆಯ್ತಾ."

ಬಾಳಪ್ಪ ಹೋಗಲೂ ಇಲ್ಲ. ಪೂಜೆಗಿಟ್ಟ ಸಾಮಾನನ್ನು ಆ ದಿನ ಮುಟ್ಟುವಂತಿಲ್ಲವಲ್ಲ. ತಲೆಯಲ್ಲಿ ಅಕ್ಷತೆ ಇಟ್ಟುಕೊಂಡೇ ಹೆಂಡತಿಗೆ ಸಮುದ್ರ ತೋರಿಸಲು ಹೊರಟ.